ಹಳೇ ಡೀಸೆಲ್ ಜೀಪು: ಡೈನಮೊ ಮಾಡ್ಸಾಯ್ತು, ಬ್ಯಾಟರಿನೂ ಹೊಸದು, ಆದ್ರೂ ಮೂರ್ ದಿನಕ್ಕೆ ಡೌನ್ ಆಗುತ್ತೆ

ಮೂಡಿಗೆರೆ_ತೋಟ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿ ಇಲ್ಲಿ ಬರೀತಾ ಇದೀನಿ, ಗೊತ್ತಿರೋರು ದಯವಿಟ್ಟು ಒಂದು ದಾರಿ ತೋರ್ಸಿ.

ನಮ್ಮನೇಲಿ ಇರೋದು 1999 ಮಾಡೆಲ್ ಡೀಸೆಲ್ ಜೀಪು, ಫೋರ್ ವೀಲ್. ಅಪ್ಪ ತಗೊಂಡಿದ್ದು, ನಾನು ಡ್ರೈವಿಂಗ್ ಕಲ್ತಿದ್ದೂ ಅದ್ರಲ್ಲೇ. ಇಂಜಿನ್ ಒಂದ್ಸಲ ಬಿಚ್ಚಿ ಮಾಡ್ಸಿದೀವಿ, ಈಗ್ಲೂ ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ, ಎಂಥಾ ಕೆಸರಲ್ಲಿ ಬಿಟ್ರೂ ಹತ್ತಿ ಬರುತ್ತೆ. ತೊಂದ್ರೆ ಇರೋದು ಚಾರ್ಜಿಂಗ್‌ದು ಮಾತ್ರ.

ಬೇಸಿಗೇಲಿ ಟಿಂಕರಿಂಗ್ ಪೇಂಟಿಂಗ್ ಎಲ್ಲ ಮಾಡಿಸಿ ಹೊಸದರ ಥರ ಮಾಡಿ ತಂದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರುವಾಯ್ತು ನೋಡಿ, ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಊಂ ಊಂ ಅಂತ ಎಳೆಯೋದು, ಆಮೇಲೆ ಟಕ್ ಅಂತ ಒಂದು ಸೌಂಡ್, ಅಷ್ಟೇ. ಬ್ಯಾಟರಿಗೆ ನಾಕು ವರ್ಷ ಆಗಿತ್ತು, ಸರಿ ಹೋಗ್ಲಿ ಅಂತ ಜುಲೈನಲ್ಲಿ ಹೊಸದು ಹಾಕ್ಸಿದೆ. ಒಂದು ತಿಂಗಳು ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಆಟೋ ಎಲೆಕ್ಟ್ರಿಶಿಯನ್ ಹತ್ರ ತಗೊಂಡು ಹೋದ್ರೆ ಡೈನಮೊ (ಇಂಜಿನ್ ಓಡೋವಾಗ ಬ್ಯಾಟರಿ ಚಾರ್ಜ್ ಮಾಡೋದು) ಬಿಚ್ಚಿ ಕಾರ್ಬನ್ ಬ್ರಶ್, ಬೇರಿಂಗ್, ಕಟೌಟ್ (ವೋಲ್ಟೇಜ್ ಹಿಡಿತದಲ್ಲಿ ಇಡೋ ಭಾಗ) ಎಲ್ಲ ಹೊಸದು ಹಾಕಿದ್ರು. ನನ್ನ ಎದುರಿಗೇ ರೇಸ್ ಮಾಡಿ ಮೀಟರ್ ಇಟ್ಟು ತೋರ್ಸಿದ್ರು, ಚಾರ್ಜಿಂಗ್ ಪಕ್ಕಾ ಇದೆ ಅಂದ್ರು. ಮನೆಗೆ ಬಂದು ಮೂರ್ನೇ ದಿನಕ್ಕೆ ಮತ್ತೆ ಡೌನ್. ಇನ್ನೊಂದ್ಸಲ ಹೋದ್ರೆ ಬ್ಯಾಟರಿನೇ ಸರಿ ಇಲ್ಲ ಅಂತಾರೆ, ಬ್ಯಾಟರಿ ಅಂಗಡಿಯೋರು ಡೈನಮೊನೇ ಸರಿ ಇಲ್ಲ ಅಂತಾರೆ.

ಈಗ ಕಾಫಿ ಕುಯ್ಲು. ಬೆಳಿಗ್ಗೆ ಏಳಕ್ಕೆ ಲೈನ್ ಮನೆಯಿಂದ ಆಳುಗಳನ್ನ ಕರ್ಕೊಂಡು ಬರ್ಬೇಕು, ಸಂಜೆ ಹಣ್ಣಿನ ಮೂಟೆ ಕಣಕ್ಕೆ ತರ್ಬೇಕು. ದಿನಾ ಇಳಿಜಾರಲ್ಲಿ ನಿಲ್ಸಿ ಗೇರಲ್ಲಿ ಬಿಟ್ಟು ಸ್ಟಾರ್ಟ್ ಮಾಡೋ ಹಾಗಾಗಿದೆ. ಇನ್ನೊಂದು ಹೊಸ ಡೈನಮೊ ಪೂರ್ತಿ ಸೆಟ್ಟೇ ಹಾಕಿಬಿಡ್ಲಾ, ಅಥವಾ ಬೇರೆ ಏನಾದ್ರೂ ಇರ್ಬೋದಾ?


ಗೇರ್‌ಬಾಕ್ಸ್_ಹಾಸನ

ಬ್ರದರ್, ಇನ್ನು ಒಂದು ರೂಪಾಯಿನೂ ಪಾರ್ಟ್ಸ್‌ಗೆ ಹಾಕ್ಬೇಡಿ. ಮೊದ್ಲು ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ, ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಸಾದಾದ್ದೇ ಸಾಕು. ಅದಿಲ್ದೆ ಎಲ್ಲಾರೂ ಗೆಸ್ ಮಾಡೋದೇ ಆಗುತ್ತೆ, ನಾವೂ ಸೇರಿ.

ಡಿಸಿ 20 ವೋಲ್ಟ್‌ಗೆ ಇಟ್ಟು ಈ ರೀಡಿಂಗ್ ತಗೊಂಡು ಇಲ್ಲಿ ಹಾಕಿ. ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಕೀ ಹಾಕೋ ಮುಂಚೆ ಬ್ಯಾಟರಿ ಎಷ್ಟು ಅಂತ. ಫುಲ್ ಚಾರ್ಜ್ ಇದ್ರೆ 12.6 ಅಥವಾ 12.7 ಬರ್ಬೇಕು, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಕಾಲು ಭಾಗನೂ ಇಲ್ಲ ಅಂತ ಲೆಕ್ಕ. ಆಮೇಲೆ ಸೆಲ್ಫ್ ಹೊಡೆಯೋವಾಗ ಇನ್ನೊಬ್ರು ಮೀಟರ್ ನೋಡ್ಲಿ, ಎಷ್ಟಕ್ಕೆ ಇಳಿಯುತ್ತೆ ಅಂತ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಮುಟ್ಟದೇ ಸ್ಲೋನಲ್ಲೇ ಒಂದು ರೀಡಿಂಗ್, ಇದು ತುಂಬಾ ಮುಖ್ಯ, ಮರೀಬೇಡಿ. ಆಮೇಲೆ ರೇಸ್ ಕೊಟ್ಟು ಒಂದು, ಕೊನೇಗೆ ಹೆಡ್‌ಲೈಟ್ ವೈಪರ್ ಹಾಕಿ ಒಂದು. ಓಡೋವಾಗ 13.8ರಿಂದ 14.4 ಒಳಗಿದ್ರೆ ಚಾರ್ಜಿಂಗ್ ಸರಿ ಇದೆ, 14.8 ದಾಟಿದ್ರೆ ಕಟೌಟ್ ಹೋಗಿದೆ, ಬ್ಯಾಟರಿ ನೀರು ಕುದ್ದು ಖಾಲಿಯಾಗುತ್ತೆ.

ಇನ್ನೊಂದು ಪ್ರಶ್ನೆ. ಕೀ ಆನ್ ಮಾಡ್ದಾಗ, ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆ, ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಗುರುತಿನ ಕೆಂಪು ಲೈಟ್ ಹತ್ತುತ್ತಾ?

ಬೆಲ್ಟೂ ನೋಡಿ. ಹೆಬ್ಬೆರಳಲ್ಲಿ ಮಧ್ಯ ಒತ್ತಿದ್ರೆ ಅರ್ಧ ಇಂಚು ಒಳಗೆ ಹೋಗ್ಬೇಕು. ಬರೀ ಟೈಟ್ ಇದ್ರೆ ಸಾಲ್ದು, ವಿ ಬೆಲ್ಟ್ ಪುಲ್ಲಿಯ ಎರಡು ಪಕ್ಕದ ಗೋಡೆಗೆ ಹಿಡ್ಕೊಂಡು ಕೆಲಸ ಮಾಡೋದು, ಸವೆದು ತಳಕ್ಕೆ ಕೂತಿದ್ರೆ ಎಷ್ಟು ಟೈಟ್ ಮಾಡಿದ್ರೂ ಜಾರುತ್ತೆ. ಪುಲ್ಲಿಯ ತಳ ಕನ್ನಡಿ ಥರ ಹೊಳೀತಿದ್ರೆ ಬೆಲ್ಟ್ ತಳಕ್ಕೆ ಕೂತಿದೆ ಅಂತ.


ಫೈವ್‌ಫಾರ್ಟಿ_ಸಕಲೇಶಪುರ

ಮಾರಾಯ್ರೆ, ನಂದು ಮಹೀಂದ್ರ ಎಂಎಂ 540 ಜೀಪು, ಪ್ಯೂಜೊ ಇಂಜಿನ್, ಮೂವತ್ತು ವರ್ಷಕ್ಕೂ ಮೇಲಾಯ್ತು. ಇಷ್ಟೆಲ್ಲ ಮೀಟರ್ ಗೀಟರ್ ಬೇಡ. ಇಂಜಿನ್ ಸ್ಟಾರ್ಟ್ ಮಾಡಿ, ಓಡ್ತಾ ಇರುವಾಗ ಬ್ಯಾಟರಿ ಮೈನಸ್ ಟರ್ಮಿನಲ್ ಬಿಚ್ಚಿ. ಇಂಜಿನ್ ಆಫ್ ಆದ್ರೆ ಡೈನಮೊ ಹೋಗಿದೆ, ಓಡ್ತಾನೇ ಇದ್ರೆ ಡೈನಮೊ ಸರಿ ಇದೆ, ಬ್ಯಾಟರಿ ಹೋಗಿದೆ. ನಮ್ಮ ಕಾಲದ ಮೇಸ್ತ್ರಿಗಳು ಎಲ್ಲ ಹೀಗೇ ನೋಡ್ತಿದ್ದದ್ದು.

ಮತ್ತೆ ಡಿಸೆಂಬರ್ ಚಳೀಲಿ ನನ್ನ ಗಾಡಿಗೆ ಹೀಟರ್ (ಸ್ಟಾರ್ಟ್ ಮಾಡೋ ಮುಂಚೆ ಇಂಜಿನ್ ಒಳಗೆ ಬಿಸಿ ಮಾಡೋ ಪ್ಲಗ್) ಹಾಕದೇ ಸ್ಟಾರ್ಟ್ ಆಗಲ್ಲ. ನಾಕು ಹೀಟರ್ ಪ್ಲಗ್ ಒಟ್ಟಿಗೆ ಎಳೆಯುವಾಗ ಬ್ಯಾಟರಿ ಅರ್ಧ ಸುಸ್ತಾಗ್ತದೆ, ಆಮೇಲೆ ಸೆಲ್ಫ್‌ಗೆ ಏನು ಉಳೀತದೆ. ನಿಮ್ದಕ್ಕೂ ಹೀಟರ್ ಇದ್ರೆ ಅದನ್ನೂ ನೋಡಿಕೊಳ್ಳಿ.


ಶಿವಮೊಗ್ಗ_ಆಟೋ_ವೈರಿಂಗ್

ಸಕಲೇಶಪುರದ ಅಣ್ಣನ ಬಗ್ಗೆ ಗೌರವ ಇಟ್ಕೊಂಡೇ ಹೇಳ್ತೀನಿ, ಯಾರೂ ದಯವಿಟ್ಟು ಇಂಜಿನ್ ಓಡ್ತಿರುವಾಗ ಬ್ಯಾಟರಿ ಬಿಚ್ಬೇಡಿ. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡೋನು, ಈ ಟೆಸ್ಟಿಂದನೇ ಸುಟ್ಟ ಡಯೋಡ್ ಪ್ಲೇಟ್ (ಕರೆಂಟ್ ಒಂದೇ ಕಡೆ ಬಿಡೋ ಭಾಗ) ಎಷ್ಟೋ ಬದಲಾಯಿಸಿದೀನಿ.

ಈ ಪದ್ಧತಿ ಬಂದಿದ್ದು ನಿಜವಾದ ಡೈನಮೊ ಇದ್ದ ಕಾಲದ ಪೆಟ್ರೋಲ್ ಗಾಡಿಯಿಂದ. ಆಗ ಒಳಗೆ ಡಯೋಡೇ ಇರ್ಲಿಲ್ಲ, ಗಾಡಿ ನಿಂತಾಗ ಬ್ಯಾಟರಿ ಕರೆಂಟ್ ವಾಪಸ್ ಡೈನಮೊಗೆ ಹೋಗ್ಬಾರ್ದು ಅಂತ ಮಧ್ಯ ಕತ್ತರಿಸೋಕೆ ಒಂದು ರಿಲೇ ಇರ್ತಿತ್ತು, ಅದಕ್ಕೇ ಕಟೌಟ್ ಅನ್ನೋ ಹೆಸರು. ಈಗಿರೋದು ಆಲ್ಟರ್ನೇಟರ್, ವಾಪಸ್ ಹೋಗೋದನ್ನ ಡಯೋಡೇ ತಡೆಯುತ್ತೆ, ಒಳಗಿರೋ ರೆಗ್ಯುಲೇಟರ್ ಬರೀ ವೋಲ್ಟೇಜ್ ಹಿಡಿತದಲ್ಲಿ ಇಡುತ್ತೆ. ಡೈನಮೊ ಹೋದ್ರೂ ಹೆಸರು ಉಳೀತು, ಕಟೌಟ್ ಹೋದ್ರೂ ಹೆಸರು ಉಳೀತು, ಜೊತೆಗೆ ಆ ಟೆಸ್ಟೂ ಉಳ್ಕೊಂಡುಬಿಡ್ತು. ಓಡ್ತಿರೋ ಆಲ್ಟರ್ನೇಟರ್‌ನಿಂದ ಬ್ಯಾಟರಿ ತೆಗೆದ್ರೆ ಆ ಕ್ಷಣಕ್ಕೆ ವೋಲ್ಟೇಜ್ ಎಗರುತ್ತೆ ನೋಡಿ, ಡಯೋಡು, ರೆಗ್ಯುಲೇಟರು, ಸ್ಟೀರಿಯೊ ಯಾವ್ದು ಬೇಕಾದ್ರೂ ಹೋಗ್ಬೋದು.

ಅದಕ್ಕಿಂತ ದೊಡ್ಡ ವಿಷ್ಯ ಏನಂದ್ರೆ, ನಿಮ್ಮದು ಹಳೇ ಡೀಸೆಲ್. ಪಂಪ್ ಮೆಕ್ಯಾನಿಕಲ್. ಸ್ಟಾಪ್ ನಾಬ್ ಎಳೆದು ಆಫ್ ಮಾಡೋ ಇಂಜಿನ್ ಅಲ್ವಾ? ಅದಕ್ಕೆ ಓಡೋಕೆ ಕರೆಂಟೇ ಬೇಡ. ಆಲ್ಟರ್ನೇಟರ್ ಪೂರ್ತಿ ಸತ್ತಿದ್ರೂ, ಬ್ಯಾಟರಿನೇ ಇಲ್ದಿದ್ರೂ ಅದು ಓಡ್ತಾನೇ ಇರುತ್ತೆ. ಹಾಗಾಗಿ ಆ ಟೆಸ್ಟ್ ಮಾಡಿದ್ರೆ ಎಲ್ಲ ಡೀಸೆಲ್ ಜೀಪಿನ ಡೈನಮೊನೂ ಸರಿ ಇದೆ ಅಂತಲೇ ಉತ್ತರ ಬರೋದು.

ಮೂಡಿಗೆರೆಯವ್ರೆ, ಹಾಸನದವ್ರು ಕೇಳಿದ ರೀಡಿಂಗ್ ಎಲ್ಲ ತಗೊಂಡು ಬನ್ನಿ. ಕೆಂಪು ಲೈಟಿನ ಪ್ರಶ್ನೆಗೆ ಮೊದ್ಲು ಉತ್ತರ ಕೊಡಿ, ನಂಗೆ ಅದ್ರ ಮೇಲೇ ಅನುಮಾನ ಇರೋದು.


ಫೈವ್‌ಫಾರ್ಟಿ_ಸಕಲೇಶಪುರ

ಡೀಸೆಲ್ ವಿಷಯ ನೀವು ಹೇಳಿದ್ದು ಸರಿ, ನಾನು ಆ ಥರ ಯೋಚನೆ ಮಾಡಿರಲಿಲ್ಲ. ನನ್ನ ಗಾಡಿ ಒಂದ್ಸಲ ಬ್ಯಾಟರಿ ಪೂರ್ತಿ ಸತ್ತು ಬಿಸಿಲೆ ಘಾಟಿಯಿಂದ ಮನೆವರೆಗೂ ಹಾಗೇ ಓಡಿ ಬಂದದ್ದು ನೆನಪಾಯ್ತು. ಇನ್ನು ಆ ಟೆಸ್ಟ್ ಯಾರಿಗೂ ಹೇಳೋದಿಲ್ಲ.


ಮೂಡಿಗೆರೆ_ತೋಟ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೂಡಿಗೆರೆಗೆ ಹೋದಾಗ ಮೀಟರ್ ತಂದೆ. ಇವತ್ತು ಬೆಳಿಗ್ಗೆ ತಮ್ಮನ್ನ ಮೀಟರ್ ಹತ್ರ ನಿಲ್ಸಿ ತಗೊಂಡ ರೀಡಿಂಗ್ ಇದು.

ಕೀ ಹಾಕೋ ಮುಂಚೆ 12.1. ಸೆಲ್ಫ್ ಹೊಡೆಯೋವಾಗ 11.2, ಮೋಟರ್ ಮಾತ್ರ ಸುಸ್ತಾಗೇ ತಿರುಗ್ತಾ ಇತ್ತು, ಮೂರ್ನೇ ಸಲಕ್ಕೆ ಹಿಡೀತು. ಸ್ಟಾರ್ಟ್ ಆಗಿ ಸ್ಲೋನಲ್ಲಿ 12.0, ಐದು ನಿಮಿಷ ಹಾಗೇ ಬಿಟ್ರೂ 12.0 ಮೇಲೆ ಏರ್ಲೇ ಇಲ್ಲ. ಆಮೇಲೆ ಜೋರಾಗಿ ಒಂದು ರೇಸ್ ಕೊಟ್ಟೆ ನೋಡಿ, ತಟ್ಟಂತ 13.7ಕ್ಕೆ ಹಾರ್ತು. ಕಾಲು ತೆಗೆದ್ರೂ ಸ್ಲೋನಲ್ಲೇ 13.5 ನಿಂತ್ಕೊಳ್ತು. ಹೆಡ್‌ಲೈಟ್ ವೈಪರ್ ಹಾಕಿ ಸ್ವಲ್ಪ ರೇಸಲ್ಲಿ ಇಟ್ರೆ 13.3.

ಕೆಂಪು ಲೈಟ್ ಹತ್ತೋದೇ ಇಲ್ಲ. ಕೀ ಆನ್ ಮಾಡಿದ್ರೆ ಆಯಿಲ್ ಲೈಟ್ ಬರುತ್ತೆ, ಬ್ಯಾಟರಿದು ಬರಲ್ಲ. ಇಂಜಿನ್ ಓಡೋವಾಗ ಲೈಟ್ ಬಂದ್ರೆ ತಾನೇ ತೊಂದ್ರೆ, ಬರ್ತಿಲ್ವಲ್ಲ, ಹಾಗಾದ್ರೆ ಚಾರ್ಜ್ ಆಗ್ತಾ ಇದೆ ಅಂತ ನಾನು ಇಷ್ಟು ದಿನ ಧೈರ್ಯವಾಗಿದ್ದೆ. ಬೆಲ್ಟ್ ಹೊಸದಿದೆ, ತಳಕ್ಕೆ ಕೂತಿಲ್ಲ.


ಶಿವಮೊಗ್ಗ_ಆಟೋ_ವೈರಿಂಗ್

ಸಿಕ್ಕಿತು. ಬೇಸಿಗೇಲಿ ಪೇಂಟಿಂಗ್ ಮಾಡ್ಸಿದಾಗ ಡ್ಯಾಶ್‌ಬೋರ್ಡ್ ಬಿಚ್ಚಿದ್ರಾ? ಮೀಟರ್ ಒಳಗಿನ ಬಲ್ಬ್ ಯಾರಾದ್ರೂ ಬದಲಾಯಿಸಿದ್ರಾ?


ಮೂಡಿಗೆರೆ_ತೋಟ

ಹೌದು ಸರ್. ಮೀಟರ್ ಮಂಕಾಗಿ ಕಾಣ್ತಿತ್ತು ಅಂತ ಒಂದು ಆಕ್ಸೆಸರೀಸ್ ಅಂಗಡೀಲಿ ಒಳಗಿನ ಬಲ್ಬೆಲ್ಲ ತೆಗ್ಸಿ ಎಲ್ಇಡಿ ಹಾಕ್ಸಿದೆ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?


ಶಿವಮೊಗ್ಗ_ಆಟೋ_ವೈರಿಂಗ್

ಸಂಬಂಧ ಅಂದ್ರೆ, ಅದೇ ಮೂಲ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ, ಯಾಕಂದ್ರೆ ಈ ಒಂದು ಬಲ್ಬಿಗೋಸ್ಕರ ಎಷ್ಟೋ ಒಳ್ಳೆ ಆಲ್ಟರ್ನೇಟರ್ ಗುಜರಿಗೆ ಹೋಗಿದಾವೆ.

ಆಲ್ಟರ್ನೇಟರ್ ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಇಲ್ಲ. ಮಧ್ಯ ತಿರುಗೋ ರೋಟರ್‌ಗೆ ಕರೆಂಟ್ ಕೊಟ್ರೆ ಮಾತ್ರ ಅದು ಮ್ಯಾಗ್ನೆಟ್ ಆಗುತ್ತೆ, ಮ್ಯಾಗ್ನೆಟ್ ಆದ್ರೆ ಮಾತ್ರ ಸುತ್ತಲಿನ ವೈಂಡಿಂಗಲ್ಲಿ ಕರೆಂಟ್ ಹುಟ್ಟುತ್ತೆ. ಒಮ್ಮೆ ಶುರುವಾದ್ರೆ ತಾನು ಹುಟ್ಟಿಸಿದ್ದರಲ್ಲೇ ಸ್ವಲ್ಪ ತಗೊಂಡು ನಡೆಸ್ಕೊಳ್ಳುತ್ತೆ, ಆದ್ರೆ ಶುರು ಮಾಡೋಕೆ ಮೊದಲ ಗುಟುಕು ಹೊರಗಿಂದ ಬರ್ಬೇಕು. ಆ ಗುಟುಕು ಬರೋ ದಾರಿನೇ ಆ ಕೆಂಪು ಲೈಟು. ಕೀ ಆನ್ ಮಾಡಿದ್ರೆ ಬ್ಯಾಟರಿಯಿಂದ ಕರೆಂಟ್ ಆ ಬಲ್ಬ್ ಮೂಲಕ ಹಾದು ಆಲ್ಟರ್ನೇಟರಿನ ಡಿ ಪ್ಲಸ್ ಅನ್ನೋ ಸಣ್ಣ ವೈರಿಗೆ ಬಂದು, ಬ್ರಶ್ ದಾಟಿ, ರೋಟರ್ ದಾಟಿ, ಇಂಜಿನ್ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ, ಅಂದ್ರೆ ಅರ್ತ್‌ಗೆ ಹೋಗುತ್ತೆ. ಅದಕ್ಕೇ ಲೈಟ್ ಹತ್ತೋದು. ಅದು ಬರೀ ಸೂಚನೆ ದೀಪ ಅಲ್ಲ, ಸರ್ಕ್ಯೂಟಿನ ಭಾಗ.

ಹಳೇ 2 ಅಥವಾ 3 ವ್ಯಾಟಿನ ಗಾಜಿನ ಬಲ್ಬಲ್ಲಿ ಸುಮಾರು 200 ಮಿಲಿ ಆಂಪ್ಸ್ ಹರಿಯುತ್ತೆ. ಎಲ್ಇಡೀಲಿ ಹತ್ತಿಪ್ಪತ್ತು ಮಿಲಿ ಆಂಪ್ಸ್, ಅಷ್ಟಕ್ಕೆ ರೋಟರ್ ಎಚ್ಚರ ಆಗಲ್ಲ. ನಿಮ್ಮದು ಇನ್ನೂ ಒಂದು ಹೆಜ್ಜೆ ಮುಂದೆ, ಎಲ್ಇಡಿಗೆ ಪ್ಲಸ್ ಮೈನಸ್ ಇರುತ್ತೆ, ಉಲ್ಟಾ ಕೂರಿಸಿದ್ರೆ ಹತ್ತೋದೂ ಇಲ್ಲ, ಒಂದು ಹನಿ ಕರೆಂಟೂ ದಾಟಲ್ಲ. ಆಯಿಲ್ ಲೈಟ್ ಸರಿಯಾಗಿ ಕೂತಿದೆ, ಬ್ಯಾಟರಿದು ಉಲ್ಟಾ ಕೂತಿದೆ ಅನ್ಸುತ್ತೆ.

ಮತ್ತೆ ರೇಸ್ ಕೊಟ್ಟಾಗ ಹೇಗೆ ಶುರುವಾಗುತ್ತೆ ಅಂತೀರಾ? ರೋಟರಿನ ಕಬ್ಬಿಣದಲ್ಲಿ ಹಿಂದಿನ ಸಲದ ಅಯಸ್ಕಾಂತ ಚೂರು ಉಳಿದಿರುತ್ತೆ. ಜೋರಾಗಿ ತಿರುಗಿಸಿದ್ರೆ ಆ ಚೂರೇ ಸಾಕಾಗುತ್ತೆ, ಒಮ್ಮೆ ಹಿಡಿದ ಮೇಲೆ ಬಿಡಲ್ಲ. ಈಗ ಗ್ಯಾರೇಜಲ್ಲಿ ಆದದ್ದು ನೆನಪು ಮಾಡ್ಕೊಳ್ಳಿ, ಅವ್ರು ರೇಸ್ ಮಾಡೇ ಮೀಟರ್ ಇಟ್ಟಿದ್ದು. ನಿಮ್ಮ ತೋಟದಲ್ಲಿ ಗಾಡಿ ಹೇಗೆ ಓಡುತ್ತೆ? ಫಸ್ಟು, ಸೆಕೆಂಡು, ಲೋ ಗೇರು, ನೂರು ಅಡಿಗೊಂದ್ಸಲ ನಿಲ್ಸೋದು, ಮೂಟೆ ಹಾಕೋದು, ಆಫ್ ಮಾಡೋದು, ಮತ್ತೆ ಸೆಲ್ಫ್. ದಿನಕ್ಕೆ ಹತ್ತು ಹದಿನೈದು ಸಲ ಬ್ಯಾಟರಿಯಿಂದ ತೆಗೆಯೋದು, ಒಂದು ಸಲನೂ ವಾಪಸ್ ಹಾಕೋದಿಲ್ಲ. ಟೌನಿಗೆ ಹೋಗಿ ಬಂದ ದಿನ ಮಾತ್ರ ಚಾರ್ಜ್ ಆಗುತ್ತೆ.

ಹೆಡ್‌ಲೈಟ್ ಹಾಕಿದ್ರೆ 13.3 ಬರ್ತಿರೋದು ಬೇರೆ ಕಥೆ, ಅದು ಬಲ್ಬಿಂದಲ್ಲ. ಅದನ್ನ ಇನ್ನೂ ಹುಡುಕ್ಬೇಕು.


ಹುಬ್ಬಳ್ಳಿ_ಐಟಿಐ_ಟೀಚರ್

ನಮಸ್ಕಾರ್ರಿ. ನಾನು ಐಟಿಐದಾಗ ಎಲೆಕ್ಟ್ರಿಕಲ್ ಕಲಿಸ್ತಿದ್ದೆ, ಈಗ ರಿಟೈರ್ಡ್. ಶಿವಮೊಗ್ಗದ ಅಣ್ಣಾರು ಬಲ್ಬಿಂದು ಭಾಳ ಛಲೋ ಬಿಡಿಸಿ ಹೇಳ್ಯಾರ. ನನ್ನ ಕಣ್ಣು ಬಿದ್ದಿದ್ದು ಬ್ಯಾರೆ ಒಂದು ನಂಬರಿನ ಮ್ಯಾಲ. ಸೆಲ್ಫ್ ಹೊಡೆಯುವಾಗ 11.2.

ತಮ್ಮಾ, ಬ್ಯಾಟರಿ ಸೋತಿದ್ರ ಸೆಲ್ಫ್ ಹೊಡದ ಕೂಡ್ಲೆ ಅದು 9ಕ್ಕ, 8ಕ್ಕ ಬೀಳ್ತೈತಿ. ನಿಂದು ಅರ್ಧ ಚಾರ್ಜಿನ ಬ್ಯಾಟರಿ, ಡೀಸೆಲ್ ಇಂಜಿನ್, ಅಂಥಾದ್ರಾಗ 11.2 ನಿಂತೈತಿ, ಮೋಟರ್ ಮಾತ್ರ ಸಾವಕಾಶ ತಿರುಗ್ತೈತಿ ಅಂದ್ರ ಏನು ಅರ್ಥ? ಬ್ಯಾಟರಿ ಕೊಡಾಕ ತಯಾರೈತಿ, ಮೋಟರ್ ತನಕ ಹೋಗಿ ಮುಟ್ಟವಲ್ದು. ನಡುವ ಎಲ್ಲೋ ದಾರಿ ಕಟ್ಟಿಕೊಂಡೈತಿ. ಹೆಡ್‌ಲೈಟ್ ಹಾಕಿದಾಗ ಚಾರ್ಜಿಂಗ್ ಕಡಿಮಿ ತೋರ್ಸೂದೂ ಅದ ದಾರಿಯೊಳಗಿನ ತೊಂದ್ರಿ ಇರಬೇಕು.

ಇದನ್ನ ಹುಡುಕೂದು ಹೀಂಗ. ಇಂಜಿನ್ ಓಡ್ಲಿ, ಒಂದು ರೇಸ್ ಕೊಟ್ಟು ಚಾರ್ಜಿಂಗ್ ಹಿಡಿಸು, ಹೆಡ್‌ಲೈಟ್ ಹಾಕು. ಈಗ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ ಕಂಬಕ್ಕ. ಪ್ಲಸ್ಸಿಂದ ಪ್ಲಸ್ಸಿಗೆ, ಹೌದು. 0.3ರ ಒಳಗ ಬರಬೇಕು. ಆಮ್ಯಾಲ ಒಂದು ಕಡ್ಡಿ ಆಲ್ಟರ್ನೇಟರಿನ ಮೈಗೆ, ಬಣ್ಣ ಇಲ್ಲದ ಜಾಗ ನೋಡಿ, ಇನ್ನೊಂದು ಬ್ಯಾಟರಿ ಮೈನಸ್ ಕಂಬಕ್ಕ. ಇದು 0.2 ದಾಟಬಾರ್ದು. ಕ್ಲಾಂಪಿಗೆ ಹಿಡೀಬ್ಯಾಡ, ಬ್ಯಾಟರಿಯ ಸೀಸದ ಕಂಬಕ್ಕೇ ಹಿಡಿ, ಕ್ಲಾಂಪ್ ಮತ್ತ ಕಂಬದ ನಡುವನ ಬಿಳಿ ಪುಡಿ ಕೂತಿದ್ರ ಅದೂ ಗೊತ್ತಾಗಬೇಕು. ಕಡೀಗೆ ಇಂಜಿನ್ ಬ್ಲಾಕಿನ ಒಂದು ಬೋಲ್ಟಿಗೂ ಬ್ಯಾಟರಿ ಮೈನಸ್ಸಿಗೂ ಮೀಟರ್ ಇಟ್ಟು ಸೆಲ್ಫ್ ಹೊಡಸು. ಅರ್ಧ ವೋಲ್ಟಿನ ಒಳಗ ಇದ್ರ ಚಿಂತಿಲ್ಲ.

ವೈರು ಕಣ್ಣಿಗೆ ಛಂದ ಕಂಡ್ರ ಸಾಲೂದಿಲ್ಲ. ಓಮ್ಸ್‌ಗೆ ಇಟ್ಟು ನೋಡಿದ್ರೂ ಸೊನ್ನೆ ತೋರಸ್ತೈತಿ, ಯಾಕಂದ್ರ ಒಂದು ಎಳಿ ಉಳಿದಿದ್ರೂ ಮೀಟರಿನ ಸಣ್ಣ ಕರೆಂಟ್ ದಾಟ್ತೈತಿ. ನೂರಾರು ಆಂಪ್ಸ್ ಹರಿಯುವಾಗನ ಅದರ ಬಣ್ಣ ಬಯಲಾಗೂದು.


ಗೇರ್‌ಬಾಕ್ಸ್_ಹಾಸನ

ಮೇಡಂ ಹೇಳಿದ್ದು ಓದಿ ನಂಗೆ ನಾಚಿಕೆ ಆಯ್ತು, 11.2 ನಾನೂ ನೋಡ್ದೆ, ಒಳ್ಳೆ ನಂಬರ್ ಅಂತ ಮುಂದೆ ಹೋಗ್ಬಿಟ್ಟೆ.

ಮೂಡಿಗೆರೆ ಬ್ರದರ್, ಈ ಟೆಸ್ಟ್ ಮಾಡೋವಾಗ ಹಾಗೇ ಲೀಕೇಜೂ, ಅಂದ್ರೆ ಗಾಡಿ ನಿಂತಾಗ ಬ್ಯಾಟರಿಯಿಂದ ಕರೆಂಟ್ ಸೋರುತ್ತಾ ಅಂತ, ನೋಡ್ಬಿಡಿ. ಇಂಜಿನ್ ಆಫ್, ಎಲ್ಲ ಸ್ವಿಚ್ ಆಫ್, ಬ್ಯಾಟರಿ ಮೈನಸ್ ಬಿಚ್ಚಿ, ಮೀಟರ್ 10 ಆಂಪ್ಸ್‌ಗೆ ಇಟ್ಟು ಕಂಬಕ್ಕೂ ಬಿಚ್ಚಿದ ವೈರಿಗೂ ಮಧ್ಯ ಸೇರ್ಸಿ. ನಮ್ಮ ಹಳೇ ಜೀಪಲ್ಲಿ ಕಂಪ್ಯೂಟರ್ ಇಲ್ಲ ಏನಿಲ್ಲ, ಸ್ಟೀರಿಯೊ ಮೆಮೊರಿಗೆ ಅಂತ 0.02, 0.03 ಬಂದ್ರೆ ಸರಿ. ಜಾಸ್ತಿ ಬಂದ್ರೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವ್ದು ಕಿತ್ತಾಗ ಇಳಿಯುತ್ತೋ ಆ ಲೈನಲ್ಲಿ ಇದೆ. ಯಾವ ಫ್ಯೂಸ್ ಕಿತ್ರೂ ಇಳೀಲಿಲ್ಲ ಅಂದ್ರೆ ಆಲ್ಟರ್ನೇಟರ್ ಡಯೋಡ್ ಶಾರ್ಟ್ ಆಗಿರ್ಬೋದು, ಅಂಥಾ ಗಾಡೀಲಿ ರಾತ್ರಿ ಎಲ್ಲ ನಿಂತಿದ್ರೂ ಬೆಳಿಗ್ಗೆ ಆಲ್ಟರ್ನೇಟರ್ ಮುಟ್ಟಿದ್ರೆ ಬೆಚ್ಚಗಿರುತ್ತೆ. ಮೀಟರ್ ಹಾಗೆ ಸೇರ್ಸಿರುವಾಗ ಮಾತ್ರ ಯಾವ ಕಾರಣಕ್ಕೂ ಸೆಲ್ಫ್ ಹೊಡೀಬೇಡಿ, ಮೀಟರ್ ಸುಡುತ್ತೆ.


ಮೂಡಿಗೆರೆ_ತೋಟ

ಭಾನುವಾರ ಆಳುಗಳಿಗೆ ರಜ, ಬೆಳಿಗ್ಗೆಯಿಂದ ಅದೇ ಕೆಲಸ ಮಾಡ್ದೆ.

ಲೀಕೇಜ್ 0.02, ಅದು ಸ್ಟೀರಿಯೊದು, ಫ್ಯೂಸ್ ತೆಗೆದ್ರೆ ಸೊನ್ನೆ. ಹಾಗಾಗಿ ಡಯೋಡ್ ಸರಿ ಇದೆ ಅನ್ಕೊಂಡೆ.

ಹೆಡ್‌ಲೈಟ್ ಹಾಕಿ ಆಲ್ಟರ್ನೇಟರ್ ಹತ್ರನೇ, ಬೋಲ್ಟಿಗೂ ಅದ್ರ ಬಾಡಿಗೂ ಇಟ್ರೆ 14.1 ಇದೆ. ಬ್ಯಾಟರೀಲಿ 13.3. ಪ್ಲಸ್ಸಿಂದ ಪ್ಲಸ್ಸಿಗೆ 0.3. ಬಾಡಿಯಿಂದ ಮೈನಸ್ಸಿಗೆ 0.5. ಕೂಡಿ ನೋಡಿದ್ರೆ ಲೆಕ್ಕ ಪಕ್ಕಾ ಬರುತ್ತೆ ಮೇಡಂ, 0.8 ದಾರೀಲೇ ಹೋಗ್ತಾ ಇದೆ. ಸೆಲ್ಫ್ ಹೊಡೆಯೋವಾಗ ಇಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್ಸಿಗೂ 2.4 ಬಂತು!

ಇನ್ನೊಂದು ಆಯ್ತು. ನಾಕೈದು ಸಲ ಸೆಲ್ಫ್ ಹೊಡೆಸ್ತಿದ್ದಾಗ ತಮ್ಮ ಬಾನೆಟ್ ಹತ್ರ ಬಗ್ಗಿದ್ದೋನು ಆಕ್ಸಿಲರೇಟರ್ ಕೇಬಲ್ ಹಿಡ್ಕೊಂಡು ಅಯ್ಯೋ ಅಂತ ಕೈ ಎಳ್ಕೊಂಡ. ನಾನು ಹೋಗಿ ಮುಟ್ಟಿ ನೋಡ್ದೆ, ಕೇಬಲಿನ ಮೇಲಿನ ಸುರುಳಿ ಇಸ್ತ್ರಿ ಪೆಟ್ಟಿಗೆ ಥರ ಬಿಸಿ, ಪ್ಲಾಸ್ಟಿಕ್ ಕವರ್ ಒಂದು ಕಡೆ ಕರಗಿ ಫೈರ್‌ವಾಲಿಗೆ ಅಂಟ್ಕೊಂಡಿದೆ. ಇಂಜಿನ್ ಇನ್ನೂ ತಣ್ಣಗಿತ್ತು, ಹಾಗಾಗಿ ಇಂಜಿನ್ ಬಿಸಿ ಅಲ್ಲ. ಇದೇನು ಅಂತ ಅರ್ಥ ಆಗ್ಲಿಲ್ಲ, ಹೆದರಿಕೆ ಆಯ್ತು.


ಹುಬ್ಬಳ್ಳಿ_ಐಟಿಐ_ಟೀಚರ್

ಇನ್ನ ಸೆಲ್ಫ್ ಹೊಡೀಬ್ಯಾಡ ತಮ್ಮಾ, ಮೊದಲ ಅರ್ತ್ ಪಟ್ಟಿ ನೋಡು.

ಇಂಜಿನ್ ಕೂತಿರೂದು ರಬ್ಬರ್ ಮೌಂಟಿಂಗ್ ಮ್ಯಾಲ, ರಬ್ಬರ್ ಕರೆಂಟ್ ಬಿಡೂದಿಲ್ಲ. ಬ್ಯಾಟರಿ ಮೈನಸ್ ಚಾಸಿಸ್‌ಗೆ ಹೋಗಿರತೈತಿ, ಚಾಸಿಸ್‌ನಿಂದ ಇಂಜಿನ್ನಿಗೆ ಇಲ್ಲಾ ಗೇರ್‌ಬಾಕ್ಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರತೈತಿ. ಅದು ಕಡಿದಿದ್ರ ಸೆಲ್ಫ್ ಮೋಟರಿನ ಕರೆಂಟ್ ವಾಪಸ್ ಬರಾಕ ದಾರಿ ಹುಡುಕ್ತೈತಿ. ಇಂಜಿನ್ನಿಗೂ ಬಾಡಿಗೂ ಮುಟ್ಟೂ ಲೋಹ ಯಾವುದೈತಿ? ಆಕ್ಸಿಲರೇಟರ್ ಕೇಬಲ್, ಸ್ಟಾಪ್ ನಾಬಿನ ಕೇಬಲ್, ಸ್ಪೀಡೋಮೀಟರ್ ಕೇಬಲ್. ನೂರು ಆಂಪ್ಸಿನ ಮ್ಯಾಲಿನ ಕರೆಂಟ್ ಆ ಸಣ್ಣ ತಂತಿಯೊಳಗ ಹೊಂಟೈತಿ, ಅದಕ್ಕ ಕಾದೈತಿ. ಕೇಬಲ್ ಒಳಗ ಕರಗಿ ಸಿಕ್ಕೊಂಡ್ರ ಇಳಿಜಾರಿನಾಗ ಆಕ್ಸಿಲರೇಟರ್ ವಾಪಸ್ ಬರೂದಿಲ್ಲ, ಜೀವಕ್ಕ ಅಪಾಯ. ಪಟ್ಟಿ ಜೋಡಿ ಆ ಕೇಬಲ್ಲೂ ಹೊಸದು ಹಾಕ್ಸು, ಖರ್ಚಿನ ವಿಚಾರ ಮಾಡಬ್ಯಾಡ.


ಶಿವಮೊಗ್ಗ_ಆಟೋ_ವೈರಿಂಗ್

ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ಪೇಂಟಿಂಗ್ ಆದ ಗಾಡಿ ಬಂದ್ರೆ ನಾನು ಮೊದಲು ನೋಡೋದೇ ಅರ್ತ್ ಜಾಗ. ಪೇಂಟ್ ಮಾಡೋರು ಬೋಲ್ಟ್ ಬಿಚ್ಚಿ, ಚಾಸಿಸ್‌ಗೆ ದಪ್ಪಗೆ ಬಣ್ಣ ಹೊಡೆದು, ಅದೇ ಬಣ್ಣದ ಮೇಲೆ ಪಟ್ಟಿ ಇಟ್ಟು ಬೋಲ್ಟ್ ಹಾಕಿರ್ತಾರೆ. ನೋಡೋಕೆ ಟೈಟ್ ಇರುತ್ತೆ, ಕರೆಂಟ್ ದಾಟೋದು ಬೋಲ್ಟಿನ ಥ್ರೆಡ್ಡಲ್ಲಿ ಮಾತ್ರ. ಕೆಳಗಿನ ಬಣ್ಣ ಎಮರಿ ಪೇಪರಲ್ಲಿ ಬೆಳ್ಳಗೆ ಹೊಳೆಯೋವರೆಗೆ ಉಜ್ಜಿ, ಪಟ್ಟಿ ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಹಚ್ಚಿ, ಮಲೆನಾಡಿನ ಮಳೆಗೆ ಅದು ಬೇಕೇ ಬೇಕು.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿ ಮೈನಸ್ ತೆಗೀರಿ, ಕೊನೇಲಿ ಹಾಕಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಲ್ಲಿ ಕೀ ಆಫ್ ಇದ್ರೂ ಯಾವಾಗ್ಲೂ ಕರೆಂಟ್ ಇರುತ್ತೆ, ಸ್ಪ್ಯಾನರ್ ಬಾಡಿಗೆ ತಾಗಿದ್ರೆ ವೆಲ್ಡಿಂಗ್ ಆಗುತ್ತೆ.

ಬಲ್ಬ್ ವಿಷ್ಯ ಸುಲಭ. ಬ್ಯಾಟರಿ ಲೈಟಿಗೆ ಮಾತ್ರ ಹಳೇ 3 ವ್ಯಾಟ್ ಗಾಜಿನ ಬಲ್ಬ್ ವಾಪಸ್ ಹಾಕಿ, ಉಳಿದವು ಎಲ್ಇಡಿ ಇರ್ಲಿ. ಎಲ್ಇಡಿನೇ ಬೇಕು ಅಂದ್ರೆ ಅದಕ್ಕೆ ಪ್ಯಾರಲಲ್ಲಾಗಿ 68 ಓಮ್ಸ್, 5 ವ್ಯಾಟಿನ ರೆಸಿಸ್ಟರ್ ಹಾಕ್ಬೇಕು, ನನ್ನ ಕೇಳಿದ್ರೆ ಗಾಜಿನ ಬಲ್ಬೇ ವಾಸಿ. ಹಾಕಿದ ಮೇಲೂ ಹತ್ತಲಿಲ್ಲ ಅಂದ್ರೆ ಡಿ ಪ್ಲಸ್ ಸಣ್ಣ ವೈರ್ ಆಲ್ಟರ್ನೇಟರಿಂದ ಕಿತ್ತು ಕೀ ಆನ್ ಮಾಡಿ ಇಂಜಿನ್ ಬಾಡಿಗೆ ತಾಗಿಸಿ. ಆಗ ಲೈಟ್ ಹತ್ತಿದ್ರೆ ವೈರು ಬಲ್ಬು ಸರಿ, ತೊಂದ್ರೆ ಬ್ರಶ್ ಕಡೆ. ಆಗ್ಲೂ ಹತ್ತಲಿಲ್ಲ ಅಂದ್ರೆ ಡ್ಯಾಶ್‌ಬೋರ್ಡ್ ಕಡೆಯಿಂದ ವೈರ್ ಕಟ್.

ಇನ್ನೊಂದು, ನಿಮ್ಮ ಗಾಡೀಲಿ ಬ್ರೇಕ್ ಬೂಸ್ಟರ್ ಇದ್ದು ಅದ್ರ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಕೂತಿದ್ರೆ, ಹಿಂದಿನ ಸೀಲ್ ಹತ್ರ ಕೈ ಹಾಕಿ ನೋಡಿ. ಆ ಪಂಪಿಗೆ ಇಂಜಿನ್ ಆಯಿಲ್ ಬರುತ್ತೆ, ಸೀಲ್ ಹೋದ್ರೆ ಆಯಿಲ್ ಒಳಗಿಳಿದು ಬ್ರಶ್ ಜೊತೆ ಕಪ್ಪು ಹಿಟ್ಟಾಗಿ ಕೂರುತ್ತೆ, ಹೊಸ ಬ್ರಶ್ ಹಾಕಿದ್ರೂ ತಿಂಗಳಲ್ಲಿ ಚಾರ್ಜಿಂಗ್ ನಿಲ್ಲುತ್ತೆ.


ಮೂಡಿಗೆರೆ_ತೋಟ

ಪಟ್ಟಿ ಸಿಕ್ತು. ಗೇರ್‌ಬಾಕ್ಸ್ ಪಕ್ಕ ಮಲಗ್ಕೊಂಡು ಟಾರ್ಚ್ ಬಿಟ್ಟು ನೋಡಿದ್ರೆ ತಾಮ್ರ ಎಲ್ಲ ಹಸಿರು ಕಟ್ಟಿದೆ, ಮುಕ್ಕಾಲು ಎಳೆ ಕಡಿದು ಹುರಿಹಗ್ಗದ ತುದಿ ಥರ ಬಿಟ್ಕೊಂಡಿದೆ. ಚಾಸಿಸ್ ಕಡೆ ಬಿಚ್ಚಿದ್ರೆ ಶಿವಮೊಗ್ಗದ ಸರ್ ಹೇಳಿದ ಹಾಗೇ, ಲಗ್ ಕೆಳಗೆ ಹೊಸ ಪೇಂಟು ಉಂಗುರದ ಥರ ಹಾಗೇ ಕೂತಿತ್ತು. ಹೊಸ ಪಟ್ಟಿ ಹಾಕಿ, ಅನುಮಾನಕ್ಕೆ ಅಂತ ಬ್ಯಾಟರಿ ಮೈನಸ್ಸಿಂದ ನೇರ ಇಂಜಿನ್ನಿಗೂ ಒಂದು ದಪ್ಪ ಕೇಬಲ್ ಎಳೆದೆ. ಆಕ್ಸಿಲರೇಟರ್ ಕೇಬಲ್ ಹೊಸದು. ಬ್ಯಾಟರಿ ಲೈಟಿನ ಎಲ್ಇಡಿ ತೆಗೆದು ಗಾಜಿನ ಬಲ್ಬ್ ಹಾಕ್ದೆ. ಕೀ ತಿರುಗಿಸಿದ ತಕ್ಷಣ ಕೆಂಪು ಲೈಟ್ ಬಂತು ನೋಡಿ, ಆರು ತಿಂಗಳಿಂದ ಅದನ್ನ ಕಂಡೇ ಇರ್ಲಿಲ್ಲ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಸ್ಟಾರ್ಟ್ ಆದ್ ಕೂಡ್ಲೇ ಆರಿಹೋಯ್ತು, ರೇಸೇ ಕೊಡದೇ ಬ್ಯಾಟರೀಲಿ 14.1. ಹೆಡ್‌ಲೈಟ್ ಹಾಕಿದ್ರೆ 13.9. ಬ್ಲಾಕಿಂದ ಮೈನಸ್ಸಿಗೆ ಸೆಲ್ಫ್ ಹೊಡೆಯೋವಾಗ 0.2.

ಒಂದೇ ಡೌಟು. ಸೆಲ್ಫ್ ಈಗ ಹೊಸ ಗಾಡಿ ಥರ ಹೊಡೆಯುತ್ತೆ, ಆದ್ರೆ ಮೀಟರಲ್ಲಿ ಬ್ಯಾಟರಿ 10.4ಕ್ಕೆ ಇಳಿಯುತ್ತೆ, ಮೊದ್ಲು 11.2 ಇತ್ತಲ್ಲ, ಈಗ ಕಡಿಮೆ ಆಯ್ತಲ್ಲ?


ಹುಬ್ಬಳ್ಳಿ_ಐಟಿಐ_ಟೀಚರ್

ಕಡಿಮಿ ಆಗಬೇಕು ತಮ್ಮಾ. ಮೊದಲ ಮೋಟರಿಗೆ ಬೇಕಾದ ಕರೆಂಟ್ ಹೋಗ್ತಾನ ಇರಲಿಲ್ಲ, ಅದಕ್ಕ ಬ್ಯಾಟರಿ ಮ್ಯಾಲ ಭಾರ ಬೀಳ್ತಿರಲಿಲ್ಲ. ಈಗ ಪೂರಾ ಹೊಂಟೈತಿ. 9.6ರ ಕೆಳಗ ಇಳೀಲಿಲ್ಲ ಅಂದ್ರ ಬ್ಯಾಟರಿ ಗಟ್ಟಿ ಐತಿ.


ಶಿವಮೊಗ್ಗ_ಆಟೋ_ವೈರಿಂಗ್

ಭಾಳ ಸಂತೋಷ. ಒಂದು ಕೆಲಸ ಬಾಕಿ ಇದೆ. ಬ್ಯಾಟರಿ ತಿಂಗಳುಗಟ್ಟಲೆ ಅರ್ಧ ಹೊಟ್ಟೇಲಿ ಇದ್ದಿದ್ದರಿಂದ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟಿರುತ್ತೆ, ಆಲ್ಟರ್ನೇಟರ್ ಅದನ್ನ ಪೂರ್ತಿ ತುಂಬಲ್ಲ. ಚಾರ್ಜಿಂಗ್ ಅಂಗಡೀಲಿ ಕೊಟ್ಟು ಸ್ಲೋ ಚಾರ್ಜ್ ಹಾಕ್ಸಿ, 75 ಆಂಪಿಯರ್ ಅವರ್ ಬ್ಯಾಟರಿ ಆದ್ರೆ ಏಳು ಆಂಪ್ಸ್ ಮೀರದ ಹಾಗೆ, ಹತ್ತು ಹನ್ನೆರಡು ಗಂಟೆ. ಬೇಗ ಬೇಕು ಅಂತ ಇಪ್ಪತ್ತು ಆಂಪ್ಸ್ ಹಾಕ್ಸ್ಬೇಡಿ, ಪ್ಲೇಟ್ ಬಗ್ಗಿಹೋಗುತ್ತೆ. ಮುಗಿದ ಮೇಲೆ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರ್ಸೋ ಹೈಡ್ರೋಮೀಟರಲ್ಲಿ ಆರೂ ಸೆಲ್ ನೋಡ್ಸಿ, 1.250ರ ಆಚೀಚೆ ಎಲ್ಲ ಒಂದೇ ಸಮ ಬರ್ಬೇಕು.


ಮೂಡಿಗೆರೆ_ತೋಟ

ಚಾರ್ಜ್ ಹಾಕ್ಸಿ ತಂದೆ ಸರ್, ಆರೂ ಸೆಲ್ 1.250, 1.240 ಒಳಗೇ ಇದೆ. ಜುಲೈನಲ್ಲಿ ತೆಗೆದ ಹಳೇ ಬ್ಯಾಟರಿ ಸ್ಟೋರ್ ರೂಮಲ್ಲಿತ್ತು, ಅದನ್ನೂ ಹಾಗೇ ಚಾರ್ಜ್ ಹಾಕ್ಸಿದೆ. ಐದು ಸೆಲ್ 1.220 ಇದೆ, ಒಂದು ಮಾತ್ರ 1.130. ಆನೆ ತಡೆಯೋ ಐಬೆಕ್ಸ್ ಕರೆಂಟ್ ಬೇಲಿಗೆ ಬಳಸ್ಬೋದಾ ಅದನ್ನ?


ಶಿವಮೊಗ್ಗ_ಆಟೋ_ವೈರಿಂಗ್

ಬೇಡ. ಒಂದು ಸೆಲ್ಲಿಗೂ ಉಳಿದವಕ್ಕೂ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಆ ಸೆಲ್ ಸತ್ತ ಹಾಗೆ, ರಾತ್ರಿ ಆನೆ ಬರೋ ಹೊತ್ತಿಗೆ ಬೇಲಿ ಸುಮ್ನೆ ನಿಂತಿರುತ್ತೆ. ಅದನ್ನ ಅಂಗಡೀಗೆ ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ, ಬೇಲಿಗೆ ಬೇರೆ ತಗೊಳ್ಳಿ.